ಗೆರೆ ಎಲ್ಲಿ ನಿಂತಿದೆ, ನೋಡಿ: ನಿಸರ್ಗದ ಎಚ್ಚಿಂಗ್ ಚಿತ್ರಗಳನ್ನು ಸವಿಯುವ ಬಗೆ

ನಿಸರ್ಗದ ಎಚ್ಚಿಂಗ್ ಚಿತ್ರಗಳ, ಅಂದರೆ ತಾಮ್ರದ ತಗಡಿನಲ್ಲಿ ಗೆರೆ ಕೊರೆಸಿ ಕಾಗದಕ್ಕೆ ಒತ್ತಿದ ಚಿತ್ರಗಳ ಮುಂದೆ ಜನ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಬಣ್ಣ ಇಲ್ಲ. ಗಾತ್ರ ಅಂಗೈಯಷ್ಟು. ಒಂದು ಮರ, ಒಂದು ಗುಡಿಸಲು, ದೂರದಲ್ಲೊಂದು ಚರ್ಚಿನ ಗೋಪುರ, ಮೇಲೆಲ್ಲ ಬರೀ ಕಾಗದ. ‘ಚೆನ್ನಾಗಿದೆ’ ಅಂದುಕೊಂಡು ಪಕ್ಕದ ದೊಡ್ಡ ತೈಲಚಿತ್ರದ ಕಡೆ ಹೋಗಿಬಿಡುತ್ತಾರೆ. ಇದರಲ್ಲಿ ಏನನ್ನು ನೋಡಬೇಕು ಎಂದು ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ.

ಇಲ್ಲಿ ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೋಗೋಣ. ಗೆರೆ ಎಲ್ಲಿ ನಿಂತಿತು? ನಿಂತ ಜಾಗದಲ್ಲಿ ಕಾಗದ ಏನಾಯಿತು? ಒಂದೇ ಕಾಗದ ಒಂದು ಕಡೆ ಆಕಾಶ, ಇನ್ನೊಂದು ಕಡೆ ನೀರು, ಮತ್ತೊಂದು ಕಡೆ ಬಿಸಿಲು ಬಿದ್ದ ದಾರಿ ಆಗಿರುತ್ತದೆ. ಅದು ಹೇಗಾಯಿತು ಎಂದು ಪತ್ತೆ ಹಚ್ಚುವುದೇ ಈ ಚಿತ್ರಗಳನ್ನು ನೋಡುವ ಮಜಾ.

ಹಂತ 1: ಮೊದಲು ತಗಡಿನ ಕಡೆಯಿಂದ ಯೋಚಿಸಿ

ಎಚ್ಚಿಂಗ್ ಹೇಗೆ ಆಗುತ್ತದೆ ಎಂದು ಸ್ವಲ್ಪ ಗೊತ್ತಿದ್ದರೂ ಕಣ್ಣು ಬೇರೆ ಥರ ನೋಡಲು ಶುರು ಮಾಡುತ್ತದೆ. ತಾಮ್ರದ ತಗಡಿನ ಮೇಲೆ ಮೇಣ, ರಾಳ, ಡಾಂಬರಿನಂಥ ವಸ್ತು ಸೇರಿಸಿದ ತೆಳು ಲೇಪ ಹಚ್ಚುತ್ತಾರೆ. ಅದನ್ನು ಹೊಗೆ ಹಿಡಿಸಿ ಕಪ್ಪು ಮಾಡುವುದೂ ಉಂಟು. ಆಮೇಲೆ ಸೂಜಿಯಿಂದ ಆ ಲೇಪವನ್ನು ಗೀರಿ ಚಿತ್ರ ಬಿಡಿಸುತ್ತಾರೆ. ತಗಡನ್ನು ಆಸಿಡ್‌ನಲ್ಲಿ ಇಟ್ಟರೆ, ಲೇಪ ಕಿತ್ತುಹೋದ ಗೆರೆಗಳಲ್ಲಿ ಮಾತ್ರ ತಾಮ್ರ ಕೊರೆದುಹೋಗುತ್ತದೆ. ಲೇಪ ತೆಗೆದು, ತಗಡಿಗೆಲ್ಲ ಶಾಯಿ ಬಳಿದು, ಮೇಲ್ಮೈಯನ್ನು ಒರೆಸಿದಾಗ ಕೊರೆದ ಗೆರೆಗಳಲ್ಲಷ್ಟೇ ಶಾಯಿ ಉಳಿಯುತ್ತದೆ. ಒದ್ದೆ ಮಾಡಿದ ಕಾಗದ ಹಾಸಿ ಪ್ರೆಸ್‌ನಲ್ಲಿ ಒತ್ತಿದರೆ ಚಿತ್ರ ಸಿದ್ಧ.

ಇದರಲ್ಲಿ ಎರಡು ಸಂಗತಿ ನೆನಪಿಟ್ಟುಕೊಳ್ಳಿ. ಕಲಾವಿದ ಕೆಲಸ ಮಾಡುವಾಗ ಅವನ ಕಣ್ಣಿಗೆ ಕಾಣುವುದು ಕಪ್ಪು ಲೇಪದ ಮೇಲೆ ಹೊಳೆಯುವ ತಾಮ್ರದ ಗೆರೆ. ಅಚ್ಚಾದ ಮೇಲೆ ಅದೇ ಗೆರೆ ಕಪ್ಪಾಗಿ, ಎಡಬಲ ಅದಲುಬದಲಾಗಿ ಬರುತ್ತದೆ. ಅಂದರೆ ಅವನು ಎಲ್ಲವನ್ನೂ ಉಲ್ಟಾ ಕಲ್ಪಿಸಿಕೊಳ್ಳಬೇಕು. 17ನೆಯ ಶತಮಾನದ ಡಚ್ ಕಲಾವಿದ ರೆಂಬ್ರಾಂಟ್ ಸುಮಾರು 1640ರಲ್ಲಿ ಮಾಡಿದ ಆಮ್‌ಸ್ಟರ್‌ಡ್ಯಾಮ್ ನಗರದ ನೋಟದಲ್ಲಿ ಊರಿನ ಕಟ್ಟಡಗಳು ನಿಜಕ್ಕೆ ಕನ್ನಡಿ ಹಿಡಿದಂತೆ ತಿರುಗಿವೆ. ಅವನು ಅದನ್ನು ಸರಿಪಡಿಸುವ ಗೋಜಿಗೇ ಹೋಗಲಿಲ್ಲ.

ಎರಡನೆಯದು ಇನ್ನೂ ಮುಖ್ಯ. ತೈಲಚಿತ್ರದಲ್ಲಿ ಬೆಳಕು ಬೇಕೆಂದರೆ ಕೊನೆಗೆ ಬಿಳಿ ಬಣ್ಣ ಹಚ್ಚಬಹುದು. ಇಲ್ಲಿ ಆಗುವುದಿಲ್ಲ. ಬಿಳಿ ಬೇಕಾದ ಕಡೆ ಸೂಜಿ ಮೊದಲಿಂದಲೂ ಮುಟ್ಟದೆ ಇರಬೇಕು. ಒಮ್ಮೆ ಕೊರೆದುಬಿಟ್ಟರೆ ತಾಮ್ರವನ್ನು ಕೆರೆದು, ಉಜ್ಜಿ, ನುಣುಪು ಮಾಡಬೇಕು. ಅದು ಎಷ್ಟು ಕಷ್ಟ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದೆ. ಹರ್ಕ್ಯುಲಿಸ್ ಸೀಗರ್ಸ್ ಎಂಬ ಡಚ್ ಕಲಾವಿದ ಬೈಬಲ್ ಕಥೆಯ ಟೋಬಿಯಾಸ್ ಮತ್ತು ದೇವದೂತ ನಡೆದುಹೋಗುವ ತಗಡೊಂದನ್ನು ಮಾಡಿದ್ದ. ಅದು ಮುಂದೆ ರೆಂಬ್ರಾಂಟ್ ಕೈಗೆ ಬಂತು. ಸುಮಾರು 1653ರಲ್ಲಿ ಅವನು ಆ ದೊಡ್ಡ ಆಕೃತಿಗಳನ್ನು ಕೆರೆದು ತೆಗೆದು, ಅಲ್ಲಿ ಮರಗಳನ್ನೂ ಈಜಿಪ್ಟಿಗೆ ಹೊರಟ ಯೇಸುವಿನ ಪುಟ್ಟ ಕುಟುಂಬವನ್ನೂ ಸೇರಿಸಿದ. ಇವತ್ತಿಗೂ ಎಲೆಗಳ ಮಧ್ಯೆ ದೇವದೂತನ ರೆಕ್ಕೆಯ ಗುರುತು ಕಾಣುತ್ತದೆ. ರೆಂಬ್ರಾಂಟ್‌ನಂಥವನಿಗೇ ಪೂರ್ತಿ ಅಳಿಸಲು ಆಗಲಿಲ್ಲ, ಅಥವಾ ಅಳಿಸುವ ತಾಳ್ಮೆ ಇರಲಿಲ್ಲ! ಹಾಗಾಗಿ ಒಳ್ಳೆಯ ಎಚ್ಚಿಂಗ್‌ನಲ್ಲಿ ಖಾಲಿ ಜಾಗ ಕಂಡರೆ, ಅದು ಬೇಕೆಂದೇ ಕಾಪಾಡಿದ ಜಾಗ ಎಂದುಕೊಂಡು ಶುರುಮಾಡಿ.

ಹಂತ 2: ಒಂದು ಚಿತ್ರ ಆರಿಸಿ, ಅದರ ನಿಜವಾದ ಅಳತೆಯಲ್ಲಿ ನೋಡಿ

ಒಂದೇ ದಿನಕ್ಕೆ ಇಪ್ಪತ್ತು ಚಿತ್ರ ಬೇಡ. ಒಂದು ಸಾಕು. ಶುರುಮಾಡಲು ರೆಂಬ್ರಾಂಟ್ ಒಳ್ಳೆಯವನು: ಈಗ ಹೇಳಿದ ಆಮ್‌ಸ್ಟರ್‌ಡ್ಯಾಮ್ ನೋಟ, 1643ರ ‘ಮೂರು ಮರಗಳು’, 1645ರ ‘ಸಿಕ್ಸ್‌ನ ಸೇತುವೆ’ (ಸಿಕ್ಸ್ ಅನ್ನುವುದು ಅವನ ಗೆಳೆಯನ ಹೆಸರು), 1651ರ ‘ಚಿನ್ನ ತೂಗುವವನ ಹೊಲ’. ಇವುಗಳಲ್ಲಿ ಯಾವುದಾದರೂ ಆದೀತು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮ ಜಾಲತಾಣಗಳಲ್ಲಿ ಇಂಥ ಚಿತ್ರಗಳ ಒಳ್ಳೆಯ ಗುಣಮಟ್ಟದ ಪ್ರತಿಗಳನ್ನು ಉಚಿತವಾಗಿ ಕೊಡುತ್ತವೆ.

ಪರದೆಯ ಮೇಲೆ ನೋಡುವಾಗ ಒಂದು ಮೋಸ ಆಗುತ್ತದೆ. ಅಂಗೈಯಷ್ಟು ಚಿತ್ರ ಗೋಡೆಯಷ್ಟಾಗಿ ಕಾಣುತ್ತದೆ. ಆಗ ಗೆರೆಗಳ ನಡುವಿನ ಸಂದು ದೊಡ್ಡದಾಗಿ, ಅವು ಸೇರಿ ಹುಟ್ಟಿಸುವ ಬೂದು ಬಣ್ಣ ಮಾಯವಾಗುತ್ತದೆ. ಅದಕ್ಕೇ ವಿವರಗಳ ಜೊತೆ ಕೊಟ್ಟಿರುವ ಅಳತೆ ನೋಡಿ, ಅಷ್ಟೇ ಗಾತ್ರದ ಬಿಳಿ ಕಾಗದ ಕತ್ತರಿಸಿ ಪರದೆಯ ಪಕ್ಕ ಹಿಡಿಯಿರಿ. ಆಮ್‌ಸ್ಟರ್‌ಡ್ಯಾಮ್ ನೋಟ ಸುಮಾರು 11 ಸೆಂ.ಮೀ. ಎತ್ತರ, 15 ಸೆಂ.ಮೀ. ಅಗಲ. ‘ಚಿನ್ನ ತೂಗುವವನ ಹೊಲ’ 12 ಸೆಂ.ಮೀ. ಎತ್ತರ, 32 ಸೆಂ.ಮೀ. ಅಗಲ. ಪರದೆಯ ಚಿತ್ರವನ್ನು ಆ ಕಾಗದದಷ್ಟಕ್ಕೇ ಇಳಿಸಿ. ಮೊದಲ ಎರಡು ಮೂರು ನಿಮಿಷ ದೊಡ್ಡದು ಮಾಡಲೇಬೇಡಿ.

ಹಂತ 3: ಕಣ್ಣು ಕಿರಿದು ಮಾಡಿ

ಮರ, ಮನೆ ಎಂದು ಗುರುತಿಸುವ ಮೊದಲು ಕಣ್ಣು ಅರ್ಧ ಮುಚ್ಚಿ ನೋಡಿ. ಕಪ್ಪು ಎಲ್ಲಿ ಗುಂಪುಗೂಡಿದೆ, ಬಿಳಿ ಎಲ್ಲಿ ಹರಡಿದೆ ಅನ್ನುವುದಷ್ಟೇ ಸಾಕು. ಆಮ್‌ಸ್ಟರ್‌ಡ್ಯಾಮ್ ನೋಟದಲ್ಲಿ ಊರು ಒಂದು ತೆಳು ಪಟ್ಟಿ. ಅದರ ಮೇಲಿನದೆಲ್ಲ ಬರಿದು, ಒಂದು ಮೋಡವೂ ಇಲ್ಲ. ‘ಮೂರು ಮರಗಳು’ ಅದಕ್ಕೆ ತದ್ವಿರುದ್ಧ. ಮರಗಳ ದಟ್ಟ ಕಪ್ಪು ಒಂದು ಪಕ್ಕ, ಮಳೆಯ ಓರೆ ಗೆರೆಗಳು ಎದುರು ಮೂಲೆಯಲ್ಲಿ, ಎರಡರ ನಡುವೆ ತೆರೆದ ಬೆಳಕು.

ಹಂತ 4: ಗೆರೆಯ ಜಾತಿ ಗುರುತಿಸಿ

ಈಗ ದೊಡ್ಡದು ಮಾಡಬಹುದು. ಎಲ್ಲ ಕಪ್ಪು ಗೆರೆಗಳೂ ಒಂದೇ ಅಲ್ಲ. ಮೂರು ಬಗೆ ಗೊತ್ತಿದ್ದರೆ ಸಾಕು.

ಆಸಿಡ್ ಕೊರೆದ ಗೆರೆಯ ದಪ್ಪ ಬಹುಮಟ್ಟಿಗೆ ಒಂದೇ ಸಮ. ತುದಿ ಮೊಂಡು. ಸೂಜಿ ಲೇಪವನ್ನಷ್ಟೇ ಗೀರುವುದರಿಂದ ಕೈಗೆ ಅಡ್ಡಿಯೇ ಇಲ್ಲ. ಅದಕ್ಕೇ ಈ ಗೆರೆ ಪೆನ್ನಿನ ಗೀಚಿನ ಹಾಗೆ ಸುತ್ತುತ್ತದೆ, ತಡವರಿಸುತ್ತದೆ, ಹಾರುತ್ತದೆ.

ಎನ್‌ಗ್ರೇವಿಂಗ್‌ನಲ್ಲಿ ಆಸಿಡ್ ಇಲ್ಲ. ಚೂಪು ಉಳಿಯನ್ನು ತಾಮ್ರದೊಳಗೆ ತಳ್ಳಿ ತಳ್ಳಿ ಕೆತ್ತಬೇಕು. ಗೆರೆ ಸಣ್ಣದಾಗಿ ಹುಟ್ಟಿ, ಮಧ್ಯೆ ಉಬ್ಬಿ, ಮತ್ತೆ ಸಣ್ಣದಾಗಿ ಮುಗಿಯುತ್ತದೆ. ಶಿಸ್ತಿನ ಗೆರೆ ಅದು.

ನನಗೆ ತುಂಬ ಇಷ್ಟವಾದದ್ದು ಮೂರನೆಯದು, ಡ್ರೈಪಾಯಿಂಟ್. ಇಲ್ಲಿ ಗಟ್ಟಿ ಸೂಜಿಯಿಂದ ನೇರ ತಾಮ್ರವನ್ನೇ ಗೀರುತ್ತಾರೆ. ನೇಗಿಲು ಸಾಲು ಹೊಡೆದಾಗ ಪಕ್ಕಕ್ಕೆ ಮಣ್ಣು ಏಳುವ ಹಾಗೆ ಗೆರೆಯ ಅಂಚಿನಲ್ಲಿ ತಾಮ್ರ ಏಳುತ್ತದೆ. ಆ ಏಣು ಶಾಯಿ ಹಿಡಿದುಕೊಳ್ಳುವುದರಿಂದ ಅಚ್ಚಿನಲ್ಲಿ ಗೆರೆಯ ಸುತ್ತ ಮಖಮಲ್ಲಿನಂಥ ಮಬ್ಬು ಬರುತ್ತದೆ. ಆದರೆ ಪ್ರೆಸ್‌ನ ಒತ್ತಡಕ್ಕೆ ಏಣು ಬೇಗ ಸವೆದುಹೋಗುತ್ತದೆ. ಮೊದಮೊದಲ ಕೆಲವು ಪ್ರತಿಗಳಲ್ಲಿ ದಟ್ಟ ಕಪ್ಪು, ಆಮೇಲಿನವುಗಳಲ್ಲಿ ಬಡಕಲು ಗೆರೆ. ‘ಚಿನ್ನ ತೂಗುವವನ ಹೊಲ’ದಲ್ಲಿ ರೆಂಬ್ರಾಂಟ್ ಎಚ್ಚಿಂಗ್ ಜೊತೆ ಡ್ರೈಪಾಯಿಂಟನ್ನೂ ಬಳಸಿದ್ದಾನೆ. ಒಳ್ಳೆಯ ಪ್ರತಿಯಲ್ಲಿ ಪೊದೆಗಳ ಮಬ್ಬು ಕಪ್ಪಿನ ಪಕ್ಕದಲ್ಲಿ ಬರಿಯ ಹೊಲ ಇನ್ನಷ್ಟು ಬೆಳಗುತ್ತದೆ. ಸವೆದ ಪ್ರತಿಯಲ್ಲಿ ಗೆರೆಯ ಜೊತೆ ಬಿಳಿಯೂ ಮಂಕಾಗುತ್ತದೆ. ಕಾಗದ ಅದೇ ಇದ್ದರೂ!

ಹಂತ 5: ಹತ್ತಿರದಿಂದ ದೂರಕ್ಕೆ ನಡೆಯಿರಿ

ಚಿತ್ರದ ಕೆಳ ಅಂಚಿನಿಂದ ದಿಗಂತದವರೆಗೆ ಕಣ್ಣನ್ನು ನಿಧಾನವಾಗಿ ಮೇಲಕ್ಕೆ ಒಯ್ಯಿರಿ. ಸಾಮಾನ್ಯವಾಗಿ ಹತ್ತಿರದ ಹುಲ್ಲು, ಕಲ್ಲು, ಬೇಲಿಗೆ ದಪ್ಪ ಗೆರೆ. ದೂರ ಹೋದ ಹಾಗೆ ಗೆರೆ ಸಣ್ಣದಾಗುತ್ತದೆ, ಬಿಡಿಬಿಡಿಯಾಗುತ್ತದೆ, ಕೊನೆಗೆ ಚುಕ್ಕಿಯಾಗುತ್ತದೆ. ಇದರ ಹಿಂದೆ ಆಸಿಡ್‌ನ ಲೆಕ್ಕಾಚಾರ ಇರುತ್ತದೆ. ತಗಡನ್ನು ಸ್ವಲ್ಪ ಹೊತ್ತು ಕೊರೆಸಿ ಹೊರಗೆ ತೆಗೆಯುವುದು. ದೂರದ ಬೆಟ್ಟದ ಗೆರೆಗಳ ಮೇಲೆ ವಾರ್ನಿಷ್ ಹಚ್ಚಿ ಮುಚ್ಚುವುದು. ಮತ್ತೆ ಆಸಿಡ್‌ಗೆ ಇಳಿಸುವುದು. ಹತ್ತಿರದ ಗೆರೆ ಹೆಚ್ಚು ಹೊತ್ತು ಕೊರೆಸಿಕೊಂಡು ಆಳವಾಗುತ್ತದೆ, ಹೆಚ್ಚು ಶಾಯಿ ಹಿಡಿಯುತ್ತದೆ. ಈ ಕ್ರಮವನ್ನು ಚೆನ್ನಾಗಿ ಪಳಗಿಸಿಕೊಂಡವರಲ್ಲಿ 17ನೆಯ ಶತಮಾನದ ಫ್ರೆಂಚ್ ಕಲಾವಿದ ಜಾಕ್ ಕಾಲೊ ಮುಂಚೂಣಿಯಲ್ಲಿದ್ದಾನೆ.

‘ಚಿನ್ನ ತೂಗುವವನ ಹೊಲ’ದಲ್ಲಿ ಈ ನಡಿಗೆ ಬಲು ಚೆನ್ನ. ಹಾರ್ಲೆಮ್ ಬಳಿಯ ಬಯಲು ಅದು. ದಿಗಂತದ ಹತ್ತಿರ ಊರಿನ ದೊಡ್ಡ ಚರ್ಚು ಕಾಣುತ್ತದೆ. ಹೊಲಗಳನ್ನು ಬಿಡಿಸಲು ಅವನು ಹೆಚ್ಚೇನೂ ಮಾಡಿಲ್ಲ. ಉದ್ದುದ್ದ ಬಾಗಿದ ಗೆರೆಗಳು, ಒಂದಕ್ಕಿಂತ ಒಂದು ಮೇಲೆ. ಕೆಳಗೆ ಅವುಗಳ ನಡುವೆ ಅಗಲ ಜಾಗ. ಮೇಲೆ ಹೋದಂತೆ ಜಾಗ ಕಿರಿದು. ಆ ಗೆರೆಗಳ ನಡುವಿನ ಬಿಳಿಯೇ ಬಯಲು. ನೆಲ ದೂರಕ್ಕೆ ಮಲಗಿದಂತೆ ಕಾಣುವುದು ಗೆರೆಗಿಂತ ಸಂದುಗಳ ಅಳತೆಯಿಂದ.

ಹಂತ 6: ಗೆರೆ ನಿಂತ ಜಾಗಕ್ಕೆ ಬನ್ನಿ

ಇಲ್ಲಿ ಸಾವಕಾಶ ಮಾಡಿ. ಉಳಿದ ಹಂತಗಳಲ್ಲಿ ಅವಸರ ಮಾಡಿದರೂ ನಡೆಯುತ್ತದೆ.

‘ಸಿಕ್ಸ್‌ನ ಸೇತುವೆ’ ತೆಗೆದುಕೊಳ್ಳಿ. ಕಾಲುವೆ ಮೇಲೊಂದು ಮರದ ಸೇತುವೆ, ಕಟಕಟೆಯ ಹತ್ತಿರ ಇಬ್ಬರು, ಸಣಕಲು ಮರಗಳು, ದೋಣಿಯ ಹಾಯಿ, ದೂರದಲ್ಲೊಂದು ಗೋಪುರ. ಇಷ್ಟೇ. ಊಟದ ಹೊತ್ತಿಗೆ ಸಾಸಿವೆ ಮುಗಿದಿತ್ತು, ಆಳು ಅದನ್ನು ತರುವಷ್ಟರಲ್ಲಿ ರೆಂಬ್ರಾಂಟ್ ಪಂತ ಕಟ್ಟಿ ಇದನ್ನು ಮುಗಿಸಿದ ಅನ್ನುವ ಕಥೆ 18ನೆಯ ಶತಮಾನದಿಂದ ಓಡಾಡುತ್ತಿದೆ. ಪುರಾವೆ ಏನೂ ಇಲ್ಲ. ಕಥೆ ಮಜವಾಗಿದೆ, ಆದರೆ ಅದು ನಮ್ಮ ಗಮನವನ್ನು ವೇಗದ ಕಡೆ ಎಳೆಯುತ್ತದೆ. ಇಲ್ಲಿ ನೋಡಬೇಕಾದ್ದು ಕೈ ಎಲ್ಲೆಲ್ಲಿ ತಡೆದುಕೊಂಡಿತು ಅನ್ನುವುದನ್ನು.

ಸೇತುವೆಯ ಕಟಕಟೆಯ ಒಂದು ಕಂಬದ ಮೇಲೆ ಕಣ್ಣಿಡಿ. ಅದಕ್ಕೆ ಹೊರ ಅಂಚು ಇದೆ, ಆದರೆ ಒಳಗೆ ತುಂಬಿಸಿಲ್ಲ. ಮರದ ಬಣ್ಣ ಅಂದರೆ ಬರೀ ಕಾಗದ. ಹಾಗಿದ್ದೂ ಅದು ಮರದ ತುಂಡಾಗಿಯೇ ಕಾಣುತ್ತದೆ. ಅದರಾಚೆ ಇರುವುದೂ ಅದೇ ಕಾಗದ, ಆದರೆ ಅದು ಗಾಳಿ. ಒಂದು ಗೆರೆಯ ಈ ಕಡೆ ಗಟ್ಟಿ ವಸ್ತು, ಆ ಕಡೆ ಬಯಲು. ಇನ್ನು ಮರಗಳ ಎಲೆ ನೋಡಿ. ಒಂದೊಂದು ಎಲೆ ಬಿಡಿಸಿಲ್ಲ. ಕೊಕ್ಕೆಯಂಥ ಗೀಚುಗಳು ಒಂದರ ಮೇಲೊಂದು ಬಂದು, ಹೊರ ಅಂಚಿನಲ್ಲಿ ಥಟ್ಟನೆ ನಿಲ್ಲುತ್ತವೆ. ಅಲ್ಲಿ ಎಲೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು.

ಹೀಗೆ ಗೆರೆ ನಿಂತ ಐದಾರು ಜಾಗ ಹುಡುಕಿ. ಪ್ರತಿಯೊಂದರಲ್ಲೂ ಅದು ಹೇಗೆ ನಿಂತಿತು ಎಂದು ಕೇಳಿಕೊಳ್ಳಿ. ಥಟ್ಟನೆ ನಿಂತಿದ್ದರೆ ಅಲ್ಲಿ ಒಂದು ಅಂಚು ಇರುತ್ತದೆ: ಗೋಡೆ, ದಡ, ದೋಣಿ. ಸವೆದು ಸವೆದು ನಿಂತಿದ್ದರೆ ಸಾಮಾನ್ಯವಾಗಿ ಬೆಳಕು ಅಥವಾ ಮಂಜು. ತುಂಡುತುಂಡಾಗಿ ಮುಂದುವರಿದಿದ್ದರೆ ನೀರಿನ ಹೊಳಪಿರಬಹುದು, ದೂರದ ನೆಲವಿರಬಹುದು.

ಹಂತ 7: ಮುಚ್ಚಿ ನೋಡುವ ಪರೀಕ್ಷೆ

ಇದಕ್ಕೆ ಒಂದು ಬಿಳಿ ಕಾಗದದ ಪಟ್ಟಿ ಸಾಕು. ವಿಸ್ಲರ್ ಎಂಬ ಅಮೆರಿಕನ್ ಕಲಾವಿದನ ‘ಲಿಟಲ್ ವೆನಿಸ್’ ತೆಗೆದುಕೊಳ್ಳಿ. ಲಂಡನ್ನಿನ ಫೈನ್ ಆರ್ಟ್ ಸೊಸೈಟಿ 1879ರಲ್ಲಿ ಹನ್ನೆರಡು ಎಚ್ಚಿಂಗ್ ಮಾಡಿಕೊಂಡು ಬಾ ಎಂದು ಅವನನ್ನು ವೆನಿಸ್‌ಗೆ ಕಳುಹಿಸಿತು. ಮೂರು ತಿಂಗಳ ಕೆಲಸ ಅಂತ ಹೋದವನು ವರ್ಷ ಕಳೆದರೂ ಅಲ್ಲೇ ಇದ್ದ. ಈ ಚಿತ್ರದಲ್ಲಿ ಇಡೀ ವೆನಿಸ್ ಮಧ್ಯದ ಒಂದು ತೆಳು ಪಟ್ಟಿ. ಮೇಲೆ ಆಕಾಶ ಖಾಲಿ, ಕೆಳಗೆ ನೀರೂ ಹೆಚ್ಚುಕಡಿಮೆ ಖಾಲಿ.

ಈಗ ನೀರಿನ ಮೇಲಿರುವ ಕೆಲವೇ ಗೆರೆಗಳನ್ನು ಪಟ್ಟಿಯಿಂದ ಮುಚ್ಚಿ. ನೀರು ಹೋಯಿತು, ಕಾಗದ ಉಳಿಯಿತು. ಪಟ್ಟಿ ತೆಗೆಯಿರಿ, ನೀರು ವಾಪಸ್. ಅಷ್ಟು ದೊಡ್ಡ ಜಾಗವನ್ನು ನೀರು ಮಾಡುತ್ತಿರುವುದು ಆ ಪುಟಾಣಿ ಗೆರೆಗಳು.

ಇನ್ನೊಂದು ಪರೀಕ್ಷೆ: ಆಕಾಶದ ಅರ್ಧ ಭಾಗವನ್ನು ಮೇಲಿಂದ ಮುಚ್ಚಿ. ಆಮ್‌ಸ್ಟರ್‌ಡ್ಯಾಮ್ ನೋಟಕ್ಕೆ ಹೀಗೆ ಮಾಡಿದರೆ ಊರು ಎದ್ದು ನಿಂತು, ತಗ್ಗು ಪ್ರದೇಶದ ಆ ಚಪ್ಪಟೆತನ ಹೊರಟುಹೋಗುತ್ತದೆ. ಅಂದರೆ ಅಷ್ಟು ಆಕಾಶ ಬೇಕೇ ಬೇಕಿತ್ತು. ಕೆಲವು ಚಿತ್ರಗಳಲ್ಲಿ ಮುಚ್ಚಿದರೂ ಏನೂ ವ್ಯತ್ಯಾಸ ಆಗುವುದಿಲ್ಲ. ಖಾಲಿ ಬಿಟ್ಟದ್ದೆಲ್ಲ ಜಾಣತನ ಅಲ್ವಲ್ಲ, ಸುಮ್ನೆ ಬಿಟ್ಟದ್ದೂ ಇರುತ್ತದೆ. ಹೆಸರು ದೊಡ್ಡದು ಎಂದು ಮೆಚ್ಚಿಕೊಳ್ಳಬೇಕಿಲ್ಲ.

ಗೆರೆ ತುಂಬಿದ ಆಕಾಶವೂ ಕೆಟ್ಟದ್ದೇನಲ್ಲ. ವೆನಿಸ್‌ನ ಕಲಾವಿದ ಕ್ಯಾನಲೆಟ್ಟೊ 18ನೆಯ ಶತಮಾನದಲ್ಲಿ ಮಾಡಿದ ಎಚ್ಚಿಂಗ್‌ಗಳಲ್ಲಿ ಆಕಾಶದ ತುಂಬ ಅಡ್ಡಡ್ಡ, ಸ್ವಲ್ಪ ನಡುಗುವ ಗೆರೆಗಳಿವೆ. ಅವನು ಗೆರೆ ಮೇಲೆ ಗೆರೆ ಹೆಣೆಯುವುದು ಕಡಿಮೆ, ಪಕ್ಕಪಕ್ಕ ಹರಿಯಬಿಡುತ್ತಾನೆ. ಸಂದುಗಳಿಂದ ಬಿಸಿಲು ಹೊರಗೆ ಬರುತ್ತದೆ. ‘ಮೂರು ಮರಗಳು’ ಚಿತ್ರದ ಮಳೆಯಂತೂ ಅಡಿಪಟ್ಟಿ ಹಿಡಿದು ಎಳೆದಷ್ಟು ನೇರ. ಪಕ್ಕದಲ್ಲೇ ಮೋಡಗಳು ಸುರುಳಿ ಸುರುಳಿ. ಈ ಎರಡೂ ಇಲ್ಲದಿದ್ದರೆ ಮರಗಳ ಹಿಂದಿನ ಬಿಳಿಗೆ ಅಷ್ಟು ಕಳೆ ಬರುತ್ತಿರಲಿಲ್ಲ. ಇದೇ ಚಿತ್ರದ ಕತ್ತಲ ಪೊದೆಯಲ್ಲಿ ಒಂದು ಜೋಡಿ ಅಡಗಿ ಕೂತಿದೆ. ದಿಬ್ಬದ ಮೇಲೆ ಒಬ್ಬ ಕೂತು ಚಿತ್ರ ಬಿಡಿಸುತ್ತಿದ್ದಾನೆ. ಹುಡುಕಿ ನೋಡಿ. ಒಬ್ಬನು ಬೆಳಕಿನಲ್ಲಿ, ಅವರು ಗೆರೆಗಳ ಕಾಡಿನಲ್ಲಿ.

ಹಂತ 8: ಖಾಲಿ ಜಾಗದ ಬಣ್ಣ ನೋಡಿ

ಬಿಳಿ ಅಂದರೆ ಯಾವಾಗಲೂ ಬಿಳಿ ಅಲ್ಲ. ತಗಡನ್ನು ಪೂರ್ತಿ ಒರೆಸದೆ ತೆಳುವಾಗಿ ಶಾಯಿ ಉಳಿಸಿದರೆ ಖಾಲಿ ಜಾಗಕ್ಕೆ ಬೂದು ಪೊರೆ ಬರುತ್ತದೆ. ಇದನ್ನು ಪ್ಲೇಟ್ ಟೋನ್ ಅನ್ನುತ್ತಾರೆ. ವಿಸ್ಲರ್ ವೆನಿಸ್ ಚಿತ್ರಗಳಲ್ಲಿ ಇದನ್ನು ಬೇಕಾದ ಹಾಗೆ ಆಡಿಸಿದ. ಅವನ ‘ನಾಕ್ಟರ್ನ್’ ಎಂಬ ರಾತ್ರಿ ನೋಟದಲ್ಲಿ ಗೆರೆ ಕಡಿಮೆ, ಉಳಿದ ಕೆಲಸವೆಲ್ಲ ಒರೆಸುವ ಕೈಯದು. ಒಂದು ಪ್ರತಿಯಲ್ಲಿ ಮುಸ್ಸಂಜೆ, ಇನ್ನೊಂದರಲ್ಲಿ ನಡುರಾತ್ರಿ. ತಗಡು ಮಾತ್ರ ಒಂದೇ.

ಕಾಗದವೂ ಲೆಕ್ಕಕ್ಕೆ ಬರುತ್ತದೆ. ರೆಂಬ್ರಾಂಟ್ 1640ರ ದಶಕದ ಕೊನೆಯ ಹೊತ್ತಿಗೆ ಜಪಾನಿನ ಕಾಗದ ಬಳಸತೊಡಗಿದ್ದ. ಅದರ ಹಳದಿ ಛಾಯೆಯಿಂದ ಖಾಲಿ ಜಾಗಕ್ಕೆ ಬೆಚ್ಚಗಿನ ಬೆಳಕು ಬರುತ್ತದೆ. ಸೀಗರ್ಸ್ ಇನ್ನೂ ಮುಂದೆ ಹೋಗಿದ್ದ. ಬಣ್ಣದ ಶಾಯಿ, ಬಣ್ಣ ಬಳಿದ ಕಾಗದ, ಬಟ್ಟೆ, ಯಾವುದನ್ನೂ ಬಿಡಲಿಲ್ಲ. ಅವನ ಕಲ್ಲುಬೆಟ್ಟಗಳ ಚಿತ್ರದಲ್ಲಿ ‘ಖಾಲಿ’ ಜಾಗ ನೀಲಿ ಅಥವಾ ಕಂದು.

ಹಂತ 9: ಪೆನ್ನು ಹಿಡಿಯಿರಿ

ಚಿತ್ರ ಬರೆಯಲು ಬರಲ್ಲ ಅಂದರೂ ಪರವಾಗಿಲ್ಲ. ಆರಿಸಿದ ಚಿತ್ರದ ಬೆಂಕಿಪೊಟ್ಟಣದಷ್ಟು ಭಾಗವನ್ನು ಸಣ್ಣ ಮೊನೆಯ ಪೆನ್ನಿನಿಂದ ನಕಲು ಮಾಡಿ. ಪೆನ್ಸಿಲ್ ಬೇಡ, ಅದರಲ್ಲಿ ಉಜ್ಜಿ ನೆರಳು ಮಾಡುವ ಆಸೆ ಬರುತ್ತದೆ. ಎಲೆ ಗುಂಪಿನ ಅಂಚು ಆಕಾಶಕ್ಕೆ ತಗಲುವ ಜಾಗ ಆರಿಸಿಕೊಂಡರೆ ಒಳ್ಳೆಯದು. ಸ್ವಲ್ಪ ಹೊತ್ತಿನಲ್ಲೇ ಕೈ ತಾನಾಗಿ ಇನ್ನೊಂದು ಗೆರೆ, ಮತ್ತೊಂದು ಗೆರೆ ಸೇರಿಸಲು ಹವಣಿಸುತ್ತದೆ. ಮೂಲದಲ್ಲಿ ಅಲ್ಲಿ ಗೆರೆಯೇ ಇರುವುದಿಲ್ಲ! ನಿಮ್ಮ ನಕಲನ್ನೂ ಮೂಲವನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀವು ಹೆಚ್ಚಿಗೆ ಹಾಕಿದ ಗೆರೆಗಳು ಯಾವ ಬೆಳಕನ್ನು ಕೊಂದವು ಅನ್ನುವುದು ಕೂಡಲೇ ಗೊತ್ತಾಗುತ್ತದೆ.

ಹಂತ 10: ನಿಜವಾದ ಪ್ರತಿಯ ಮುಂದೆ

ಮೂಲ ಪ್ರತಿಗಳನ್ನು ಮ್ಯೂಸಿಯಂಗಳಲ್ಲಿ ಮಂದ ಬೆಳಕಿನಲ್ಲಿ, ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಬೆಳಕಿಗೆ ಕಾಗದ ಹಾಳಾಗುತ್ತದೆ, ಅದಕ್ಕೆ. ಒಳಗೆ ಹೋದ ಕೂಡಲೇ ಏನೂ ಕಾಣುತ್ತಿಲ್ಲ ಅನಿಸಿದರೆ ಸ್ವಲ್ಪ ಕಾಯಿರಿ, ಕಣ್ಣು ಹೊಂದಿಕೊಳ್ಳಲಿ. ಮೊದಲು ನೇರವಾಗಿ, ಆಮೇಲೆ ಒಂದು ಪಕ್ಕದಿಂದ ಓರೆಯಾಗಿ ನೋಡಿ. ದಟ್ಟ ಗೆರೆಗಳಲ್ಲಿ ಶಾಯಿ ಕಾಗದದಿಂದ ಕೊಂಚ ಮೇಲೆದ್ದು ನಿಂತಿರುತ್ತದೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಗುರುತು ಇದೆಯಾ ಎಂದೂ ನೋಡಿ. ಹಳೆಯ ಪ್ರತಿಗಳಲ್ಲಿ ಅಂಚನ್ನು ಕತ್ತರಿಸಿಬಿಟ್ಟಿರುವುದು ಸಾಮಾನ್ಯ. ವಿಸ್ಲರ್ ತಾನೇ ಬೇಕೆಂದು ಅಂಚು ಕತ್ತರಿಸಿ, ತನ್ನ ಚಿಟ್ಟೆ ಗುರುತಿನ ಸಹಿಗಾಗಿ ಕೆಳಗೆ ಒಂದು ಪುಟ್ಟ ನಾಲಿಗೆಯಷ್ಟೇ ಕಾಗದ ಉಳಿಸುತ್ತಿದ್ದ. ಚಿತ್ರದ ಹೊರಗಿನ ಖಾಲಿ ಜಾಗ ಅವನಿಗೆ ಇಷ್ಟವಾಗುತ್ತಿರಲಿಲ್ಲ.

ದೊಡ್ಡ ಮ್ಯೂಸಿಯಂಗಳಲ್ಲಿ ಮುದ್ರಣ ಚಿತ್ರಗಳಿಗೇ ಬೇರೆ ಅಧ್ಯಯನ ಕೊಠಡಿ ಇರುತ್ತದೆ. ಮುಂಚೆ ಬರೆದು ಸಮಯ ಕೇಳಿಕೊಂಡರೆ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಕೈ ತೊಳೆದುಕೊಂಡು ಹೋಗಿ, ಟಿಪ್ಪಣಿಗೆ ಪೆನ್ಸಿಲ್ ಮಾತ್ರ ಒಯ್ಯಿರಿ. ಒಂದೇ ಚಿತ್ರದ ಎರಡು ಪ್ರತಿ ಇದ್ದರೆ ಎರಡನ್ನೂ ಒಟ್ಟಿಗೆ ಕೇಳಿ. ‘ಸಿಕ್ಸ್‌ನ ಸೇತುವೆ’ಯ ಬೇರೆ ಬೇರೆ ಹಂತದ ಪ್ರತಿಗಳು ಸಿಕ್ಕರೆ ಸೇತುವೆ ಮೇಲಿನ ಇಬ್ಬರ ಟೊಪ್ಪಿಗಳನ್ನು ಹೋಲಿಸಿ. ಮೊದಲು ಅವು ಬರೀ ಬಿಳಿ. ಆಮೇಲೆ ರೆಂಬ್ರಾಂಟ್ ಅವಕ್ಕೆ ನೆರಳಿನ ಗೆರೆ ಸೇರಿಸಿದ. ಇಡೀ ಆಕಾಶವನ್ನು ಹಾಗೇ ಬಿಟ್ಟವನು ಟೊಪ್ಪಿಯ ಬಿಳಿ ಮಾತ್ರ ಸರಿಯಿಲ್ಲ ಎಂದು ತಗಡಿಗೆ ಮತ್ತೆ ಕೈ ಹಾಕಿದ್ದಾನೆ. ಯಾಕಿರಬಹುದು ಎಂದು ಎರಡೂ ಪ್ರತಿಗಳನ್ನು ನೋಡಿ ನೀವೇ ಹೇಳಿ.